ಗೋಡೆಗೆ ಹೊದಿಸಿದ ಕಂಬಳಿ

ಪರರ ಮನೆಯ ಹೊಸ್ತಿಲು ದಾಟಿದ ಕೂಡಲೇ ಆ ಮನೆಗೊಂದು ವಾಸನೆಯುಂಟೆಂಬುದು ನಮ್ಮ ಮೂಗಿಗೆ ತಿಳಿದುಬಿಡುತ್ತದೆ. ಒಂದು ಮನೆಗೆ ಒಗ್ಗರಣೆಯದು, ಇನ್ನೊಂದಕ್ಕೆ ಊದುಬತ್ತಿಯದು, ಮತ್ತೊಂದಕ್ಕೆ ಮೂರು ದಿನದಿಂದ ಒಣಗದ ಬನಿಯನ್ನಿನದು. ನಮ್ಮ ಮನೆಗೆ ಮಾತ್ರ ಯಾವ ವಾಸನೆಯೂ ಇಲ್ಲವೆಂದು ನಾವೆಲ್ಲರೂ ಪ್ರಾಮಾಣಿಕವಾಗಿ ನಂಬಿರುತ್ತೇವೆ. ಓದುಗ ಮಿತ್ರರೇ, ನೀವೂ ಹಾಗೆಯೇ ನಂಬಿದ್ದೀರಿ, ಸುಮ್ಮನೆ ಒಪ್ಪಿಕೊಂಡುಬಿಡಿ. ಭಗವಂತ ಮೂಗನ್ನು ಮುಖದ ನಟ್ಟನಡುವೆ, ಉಳಿದೆಲ್ಲ ಅವಯವಗಳಿಗಿಂತ ಒಂದಂಗುಲ ಮುಂದಕ್ಕೆ ಇಟ್ಟದ್ದು ಪರರ ಉಸಾಬರಿಗೆ ಅನುಕೂಲವಾಗಲೆಂದೇ ಇರಬೇಕು. ಸ್ವಂತ ಮನೆಯ ವಿಷಯದಲ್ಲಿ ಆ ಘ್ರಾಣೇಂದ್ರಿಯ ಸರಕಾರಿ ಕಚೇರಿಯ ಮಧ್ಯಾಹ್ನದಂತೆ ತೂಕಡಿಸುತ್ತಿರುತ್ತದೆ.

ಇದನ್ನು ಬರೆಯುತ್ತಿರುವ ನಾನು ಮೂವತ್ತೊಂದು ವರ್ಷ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿದ್ದವನು. ಸಾಗವಾನಿ, ಮತ್ತಿ, ನಂದಿ, ಹೊನ್ನೆ ಇವುಗಳ ದಿಮ್ಮಿಗಳನ್ನು ಮೂಸಿ, ತಟ್ಟಿ, ಸುತ್ತಳತೆ ಹಿಡಿದು ಹರಾಜಿನ ಪಟ್ಟಿ ಬರೆದವನು. ದಿಮ್ಮಿಯ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿ ಕಂಡರೂ ಸಾಕು, ‘ಬೂಷ್ಟು ಹಿಡಿದಿದೆ’ ಎಂದು ಷರಾ ಬರೆದು ಅದನ್ನು ನಿರ್ದಾಕ್ಷಿಣ್ಯವಾಗಿ ಕೆಳದರ್ಜೆಗೆ ತಳ್ಳುತ್ತಿದ್ದೆ. ಕೂಲಿಗಳು ದಿಮ್ಮಿಗಳನ್ನು ಒಂದಕ್ಕೊಂದು ಅಂಟಿಸಿ ಒಟ್ಟಿದರೆ, ನಡುವೆ ಗಾಳಿಯಾಡದಿದ್ದರೆ ಮರ ಬದುಕುತ್ತದೆಯೇ ಎಂದು ಅರ್ಧ ತಾಸು ಉಪನ್ಯಾಸ ಕೊಡುತ್ತಿದ್ದೆ. ಅಂಥ ಮಹಾನುಭಾವ ಸಂಜೆ ಮನೆಗೆ ಬಂದು, ಮಲಗುವ ಕೋಣೆಯ ಉಕ್ಕಿನ ಕಪಾಟನ್ನು ಗೋಡೆಗೆ ಗಟ್ಟಿಯಾಗಿ ಒತ್ತಿ ನಿಲ್ಲಿಸಿ, ಇಪ್ಪತ್ತು ವರ್ಷ ಅದರ ಹಿಂದೆ ಇಣುಕದೆ ಸುಖವಾಗಿದ್ದ. ಮರಕ್ಕೆ ಬೇಕಾದ ಗಾಳಿ ಮನುಷ್ಯರಿಗೂ ಬೇಕೆಂಬುದು ಯಾವ ಸುತ್ತೋಲೆಯಲ್ಲೂ ಬಂದಿರಲಿಲ್ಲವಲ್ಲ.

ಕಪಾಟಿಗೂ ಗೋಡೆಗೂ ನಡುವೆ ಏನೂ ಇರಲಿಲ್ಲವೆಂದಲ್ಲ. ಅಲ್ಲಿ ಫೆಲ್ಟು ಇತ್ತು. ದಾಂಡೇಲಿಯವರಿಗೆ ಫೆಲ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಕಾಗದದ ಮಿಲ್ಲಿನ ಯಂತ್ರದಲ್ಲಿ ಹಸಿ ಕಾಗದವನ್ನು ಹೊತ್ತು ಉರುಳೆಗಳ ನಡುವೆ ಓಡುವ, ಕಂಬಳಿಯಷ್ಟು ದಪ್ಪನೆಯ ಅಗಲವಾದ ಬಟ್ಟೆಯೇ ಫೆಲ್ಟು. ಸವೆದ ಮೇಲೆ ಅದು ತುಂಡು ತುಂಡಾಗಿ ಊರಿಗೆ ಇಳಿಯುತ್ತದೆ, ಇಳಿದು ಸಹಸ್ರಾವತಾರ ತಾಳುತ್ತದೆ. ಹಾಸಿಗೆಯ ಕೆಳಗೆ ಅದೇ, ಬಾಗಿಲಲ್ಲಿ ಕಾಲೊರೆಸಲು ಅದೇ, ಆಟೋದ ಸೀಟಿನ ಮೇಲೆ ಅದೇ, ಮಳೆಗಾಲದಲ್ಲಿ ಆಡಿನ ಬೆನ್ನ ಮೇಲೂ ಅದೇ. ನಾನು ಈ ಮನೆ ಕೊಂಡು ಗೃಹಪ್ರವೇಶ ಮಾಡಿದ ದಿನ ಎದುರು ಮನೆಯ ಇಬ್ರಾಹಿಂ ಸಾಹೇಬರು, ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಒಂದು ಹಾಸು ಫೆಲ್ಟನ್ನು ತೊಳೆದು ಮಡಚಿ, ಮೇಲೊಂದು ತೆಂಗಿನಕಾಯಿ ಇಟ್ಟು ಉಡುಗೊರೆ ಕೊಟ್ಟಿದ್ದರು. ಹೊದೆಯಲು ಕೊಟ್ಟ ಆ ವಸ್ತುವನ್ನು ನಾನು ಗಲ್ಲಿಯ ಸಂಪ್ರದಾಯದಂತೆ ಗೋಡೆಗೆ ಹೊದಿಸಿದೆ. ನಮ್ಮ ಗಲ್ಲಿಯಲ್ಲಿ ಹಸಿ ಬರುವ ಗೋಡೆಗೆ ಫೆಲ್ಟು ಬಡಿದು, ಅದರ ಮುಂದೆ ಕಪಾಟನ್ನು ನಿಲ್ಲಿಸುವುದು ತಲೆತಲಾಂತರದ ಜಾಣತನ. ಹಸಿ ಒಳಗೆ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಬರುವುದು ಕಾಣುವುದಿಲ್ಲ ಎಂಬುದು ಹೆಚ್ಚು ಸರಿಯಾದ ಮಾತು.

ಎರಡು ವರ್ಷದ ಹಿಂದೆ ಮಂಗವೊಂದು ತಾರಸಿಯ ಮೇಲಿನ ನೀರಿನ ಟಾಕಿಯ ಮುಚ್ಚಳವನ್ನು ಕಿತ್ತು ಎಲ್ಲಿಗೋ ಒಯ್ದಿತು. ಒಂದು ಮುಚ್ಚಳ ತರಲು ಅಂಗಡಿಗೆ ಹೋಗುವುದು ನಿವೃತ್ತ ಪುರುಷನ ಘನತೆಗೆ ತಕ್ಕುದಲ್ಲವೆಂದು ನಾನು ಉಳಿದಿದ್ದ ಫೆಲ್ಟಿನ ತುಂಡನ್ನು ಟಾಕಿಯ ಬಾಯಿಗೆ ಹೊದಿಸಿ ಹಗ್ಗ ಸುತ್ತಿದೆ. ಕೆಳಗಿಳಿದು ಬಂದು, ಆ ದಿನದ ಮಟ್ಟಿಗೆ ಏನೋ ಸಾಧಿಸಿದವನಂತೆ ಎರಡು ಸಲ ಚಹಾ ಕೇಳಿ ಕುಡಿದೆ.

ನನ್ನ ಹೆಂಡತಿ ಗಿರಿಜೆಗೆ ಮಳೆಗಾಲದಲ್ಲಿ ಕೆಮ್ಮು ಬರುವುದು ಮೊದಲಿನಿಂದಲೂ ಇತ್ತು. ಆದರೆ ಈ ಎರಡು ವರ್ಷಗಳಿಂದ ಅದು ದೀಪಾವಳಿ ಕಳೆದರೂ ಹೋಗಲಿಲ್ಲ, ಸಂಕ್ರಾಂತಿ ಕಳೆದರೂ ಹೋಗಲಿಲ್ಲ. ಬೇಸಿಗೆಯಲ್ಲಿಯೂ ಎದೆಯೊಳಗೆ ಯಾರೋ ಸಿಳ್ಳೆ ಹಾಕುತ್ತಿದ್ದಾರೇನೋ ಎಂಬ ಸದ್ದು. ಮೇಲಿಂದ ಮೇಲೆ ಹೊಟ್ಟೆ ಬೇರೆ ಕೆಡುತ್ತಿತ್ತು. ಕಾಳಿ ನದಿಯ ನೀರು ಅವಳಿಗೆ ಒಗ್ಗುವುದಿಲ್ಲವೆಂದು ನಾನು ಷರಾ ಬರೆದುಬಿಟ್ಟಿದ್ದೆ. ಪಾಪ, ನದಿ ನಮ್ಮ ತಾರಸಿ ಹತ್ತುವವರೆಗೂ ಚೆನ್ನಾಗಿಯೇ ಇತ್ತು. ಇಲ್ಲಿಯ ಡಾಕ್ಟರಮ್ಮ ಬಾಯಿಗಿಟ್ಟು ಉಸಿರೆಳೆದುಕೊಳ್ಳುವ ಔಷಧದ ಪಂಪು ಕೊಟ್ಟರು, ಮಾತ್ರೆ ಕೊಟ್ಟರು. ಒಮ್ಮೆ ನನ್ನ ಕಡೆ ತಿರುಗಿ, ಮನೆಯಲ್ಲಿ ಎಲ್ಲಾದರೂ ಬೂಷ್ಟು ಇದೆಯೇ ಎಂದು ಕೇಳಿದರು. ನನಗೆ ಸಿಟ್ಟೇ ಬಂತು. ಪ್ರತಿವರ್ಷ ಚೌತಿಗೆ ಮೊದಲು ಗೋಡೆಗೆ ಬಣ್ಣ ಬಳಿಸುತ್ತೇನೆ, ನಮ್ಮದು ಶುದ್ಧವಾದ ಮನೆ ಎಂದೆ. ಕಪಾಟು ಸರಿಸಲಾಗದೆ ಅದರ ಹಿಂದಿನ ಗೋಡೆಯನ್ನು ಬಣ್ಣದವನು ಪ್ರತಿವರ್ಷವೂ ಬಿಟ್ಟೇ ಹೋಗುತ್ತಿದ್ದನೆಂಬುದು ಆಗ ನೆನಪಾಗಲಿಲ್ಲ.

ಇನ್ನು ನನ್ನ ಮನಸ್ಸನ್ನು ಕೊರೆಯುತ್ತಿದ್ದ ಮಾತು. ಗಿರಿಜೆಯ ತವರು ಮುಂಡಗೋಡ ತಾಲೂಕಿನ ಮಳಗಿ. ಕೆಮ್ಮು ಮಿತಿಮೀರಿದಾಗ ಅವಳನ್ನು ಅಲ್ಲಿಗೆ ಕಳಿಸುತ್ತಿದ್ದೆ. ಅಲ್ಲಿಗೆ ಹೋದ ಒಂದೇ ವಾರದಲ್ಲಿ ಗುಣವಾಗುತ್ತಿತ್ತು. ತಿರುಗಿ ದಾಂಡೇಲಿಗೆ ಬಂದ ಎರಡನೆಯ ದಿನಕ್ಕೆ ಮತ್ತೆ ಶುರು. ತರ್ಕಶಾಸ್ತ್ರ ಬಲ್ಲ ಯಾರಾದರೂ ಇದರಿಂದ ಯಾವ ತೀರ್ಮಾನಕ್ಕೆ ಬರುತ್ತಾರೆ? ಮಳಗಿಯಲ್ಲಿ ಇಲ್ಲದ್ದು, ದಾಂಡೇಲಿಯಲ್ಲಿ ಇರುವುದು ಯಾವುದು? ನಾನು. ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ನಾನೇ ಅವಳಿಗೆ ಒಗ್ಗದ ಪದಾರ್ಥವೆಂಬ ಅನುಮಾನ ನನ್ನನ್ನು ಹಿಡಿಯಿತು. ನಗಬೇಡಿ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ಕೆಳದರ್ಜೆಗೆ ತಳ್ಳಿದ ದಿನಗಳೂ ಇದ್ದವು.

ಈ ವರ್ಷ ಜೂನಿನಲ್ಲಿ ಮೊದಲ ಮಳೆಗೇ ಅವಳು ಉಸಿರು ಸಿಗದೆ ಒದ್ದಾಡಿದಳು. ಅವಳ ತಮ್ಮ ಶಿವಾನಂದ ಜೀಪು ತಂದು ಕರೆದೊಯ್ದ. ಹೋದ ಮೇಲೆ ಫೋನು ಮಾಡಿ, ಮುಂಡಗೋಡದ ಡಾಕ್ಟರು ಇನ್ನು ಅಕ್ಕನನ್ನು ಆ ಮನೆಗೆ ಕಳಿಸಬೇಡಿ ಎಂದಿದ್ದಾರೆಂದೂ, ಅವಳು ಇನ್ನು ಮುಂದೆ ಮಳಗಿಯಲ್ಲೇ ಇರಲಿ, ನೀವೂ ದಾಂಡೇಲಿಯ ಮನೆ ಮಾರಿ ಇಲ್ಲಿಗೇ ಬಂದುಬಿಡಿರೆಂದೂ ವಿನಯವಾಗಿ ಹೇಳಿದ. ನಾಗರಪಂಚಮಿ ಹಬ್ಬದ ಹೊತ್ತಿಗೆ ಬಂದು ಅವಳ ಬಟ್ಟೆಬರೆಗಳನ್ನೆಲ್ಲ ಒಯ್ಯುತ್ತೇನೆ ಎಂದೂ ಸೇರಿಸಿದ. ಒಳ್ಳೆಯ ಮನುಷ್ಯ, ಅವನ ಮಾತಿನಲ್ಲಿ ತಪ್ಪು ಹುಡುಕಲಾಗದ್ದೇ ನನ್ನ ಕಷ್ಟವಾಗಿತ್ತು. ಭಾವಮೈದುನನ ಮನೆಯ ಪಡಸಾಲೆಯಲ್ಲಿ ಕಾಯಂ ಅತಿಥಿಯಾಗಿ ಕೂತು, ಮುದುಕನಿಗೆ ಚಹಾ ಕೊಟ್ಟಾಯಿತೇ ಎಂಬ ಪ್ರಶ್ನೆಯನ್ನು ದಿನಾ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅವಳಿಲ್ಲದ ಈ ಮನೆಯಲ್ಲಿ ಇರುವ ಧೈರ್ಯವಂತೂ ಇನ್ನೂ ಕಡಿಮೆ ಇತ್ತು. ನನಗೆ ಹೆದರಿಕೆಯಾಯಿತು, ಅಷ್ಟೇ. ಇದಕ್ಕೆ ಸಂಸ್ಕೃತ ಪದ ಹುಡುಕಿದರೆ ಹೆದರಿಕೆಯೇನೂ ಕಡಿಮೆಯಾಗುವುದಿಲ್ಲ.

ಜುಲೈ ಮೊದಲ ವಾರ ಗಿರಿಜೆ ಫೋನು ಮಾಡಿ, ಮಳಗಿಯಲ್ಲಿ ಸೀಮಂತವೊಂದಿದೆ, ಕಪಾಟಿನ ಕೆಳಗಿನ ಅರೆಯಲ್ಲಿರುವ ಹಸಿರು ಇಳಕಲ್ ಸೀರೆ ತಂದುಕೊಡಿ ಎಂದಳು. ಸೀರೆಯನ್ನು ಚೀಲಕ್ಕೆ ಹಾಕಿ, ಹಳಿಯಾಳದಲ್ಲೊಂದು ಬಸ್ಸು, ಮುಂಡಗೋಡದಲ್ಲೊಂದು ಬಸ್ಸು ಬದಲಿಸಿ ಮಳಗಿ ಮುಟ್ಟಿದೆ. ಬಾಗಿಲಿಗೆ ಬಂದವಳನ್ನು ನೋಡಿದರೆ ಮುಖದಲ್ಲಿ ಕಳೆ, ಮಾತಿನಲ್ಲಿ ಬಿರುಸು, ಕೆಮ್ಮಿನ ಸುಳಿವಿಲ್ಲ. ನನಗೆ ಸಂತೋಷವೂ ಆಯಿತು, ಸ್ವಲ್ಪ ಅವಮಾನವೂ ಆಯಿತು. ನಾನು ಎದುರಿಗೇ ಕೂತಿದ್ದರೂ ಒಂದು ತಾಸಿನವರೆಗೆ ಅವಳು ಕೆಮ್ಮಲಿಲ್ಲವೆಂಬುದನ್ನು ಗಡಿಯಾರ ನೋಡಿ ಖಚಿತ ಮಾಡಿಕೊಂಡೆ. ಆಮೇಲೆ ಅವಳು ಚೀಲ ಬಿಚ್ಚಿ ಸೀರೆ ಕೊಡವಿದಳು. ಮೂರು ಸಲ ಸೀನಿದಳು, ಕೆಮ್ಮಿದಳು, ಕಂಬ ಹಿಡಿದು ಕೂತಳು. ನೋಡುನೋಡುತ್ತಿದ್ದಂತೆ ಎದೆಯ ಸಿಳ್ಳೆ ಶುರುವಾಯಿತು. ಶಿವಾನಂದನ ಹೆಂಡತಿ ಪಂಪು ತಂದುಕೊಟ್ಟಳು. ಉಸಿರು ಒಂದು ಹದಕ್ಕೆ ಬಂದ ಮೇಲೆ ಗಿರಿಜೆ ಸೀರೆಯನ್ನು ಕಾಲಿನಿಂದ ದೂರ ಸರಿಸಿ, ನನ್ನ ಕಡೆ ನೋಡಿ ಹೇಳಿದಳು:

“ಕೆಮ್ಮು ನನ್ನ ಎದಿಯೊಳಗ ಇಲ್ಲರೀ. ನಮ್ಮ ಕಪಾಟಿನೊಳಗ ಐತಿ. ಹೋಗಿ ಅದನ್ನ ತಗದು ನೋಡ್ರಿ.”

ಅವಳು ಕಷ್ಟಪಡುತ್ತಿರುವಾಗ ನನಗೆ ಹಿಗ್ಗು ಬಂದದ್ದು ತಪ್ಪು; ಆದರೆ ಬಂತು. ಹಾಗಾದರೆ ಅದು ನಾನಲ್ಲ! ಮಳಗಿಯಿಂದ ದಾಂಡೇಲಿಯವರೆಗೆ ಬಸ್ಸಿನ ಕಿಟಕಿಯ ಪಕ್ಕ ಕೂತ ನಾನು, ಖಟ್ಲೆ ಗೆದ್ದು ಕೋರ್ಟಿನಿಂದ ಹೊರಬಂದವನ ಹಾಗೆ ಕಂಡಿರಬೇಕು. ಪಕ್ಕದವರು ಎರಡು ಸಲ ತಿರುಗಿ ನೋಡಿದರು.

ಮರುದಿನ ಬೆಳಿಗ್ಗೆ ಕಪಾಟು ಸರಿಸಲು ಇಬ್ರಾಹಿಂ ಸಾಹೇಬರನ್ನೇ ಕರೆಯಬೇಕಾಯಿತು, ನನ್ನೊಬ್ಬನಿಂದ ಅದು ಅಲುಗಲಿಲ್ಲ. ನಾವಿಬ್ಬರೂ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಕಪಾಟನ್ನು ಈಚೆಗೆಳೆದೆವು. ಫೆಲ್ಟಿನ ಮೇಲೆ, ಅದರ ಹಿಂದೆ, ಕಪಾಟಿನ ಬೆನ್ನಿನ ಮೇಲೆ, ಕರಿ, ಹಸಿರು, ಬೂದಿ ಎಂದು ಮೂರು ಬಣ್ಣಗಳಲ್ಲಿ ಬೂಷ್ಟು ಬೆಳೆದಿತ್ತು. ಇಪ್ಪತ್ತು ವರ್ಷ ನಾನು ಇದಕ್ಕೆ ತಲೆ ಮಾಡಿ ಮಲಗಿದ್ದೆ, ಅವಳೂ ಮಲಗಿದ್ದಳು. ಫೆಲ್ಟನ್ನು ಎಳೆದಾಗ ಅದು ಗೋಡೆಯ ಗಾರೆಯನ್ನೂ ಹಿಡಿದುಕೊಂಡು ಬಂತು. ಕೊಟ್ಟವರೇ ಎದುರಿಗಿರುವಾಗ ಉಡುಗೊರೆಯನ್ನು ಬಯ್ಯುವುದು ಹೇಗೆ? ಆದರೆ ಸಾಹೇಬರೇ ಫೆಲ್ಟಿನ ಒಂದು ತುದಿಯನ್ನು ಹಿಂಡಿ, ಅದರಿಂದ ತೊಟ್ಟಿಕ್ಕಿದ ನೀರನ್ನು ನೋಡಿ ತಲೆಯಾಡಿಸಿದರು.

“ಡಿಪೋ ಸಾಹೇಬ್ರ, ಇದನ್ನ ನಾ ನಿಮಗ ಹೊದ್ಕೊಳ್ಳಾಕ ಕೊಟ್ಟಿದ್ನಿ. ನೀವು ಗ್ವಾಡಿಗೆ ಹೊಚ್ಚೀರಿ. ಮಷಿನಿನ್ಯಾಗ ಇದರ ಕೆಲಸಾನ ಹಸಿ ಕಾಗದದ ನೀರು ಕುಡಿಯೂದು. ನೀರು ಕುಡಿಯಾಕಂತನ ನೇಯ್ದದ್ದಕ್ಕ ನೀರು ತಡಿ ಅಂದ್ರ ಹೆಂಗ ತಡದೀತು?”

ಇಷ್ಟು ಸರಳವಾದ ಮಾತು ಇಷ್ಟು ವರ್ಷ ಈ ಮಿಲ್ಲಿನ ಊರಿನಲ್ಲಿ ಯಾರಿಗೂ ಏಕೆ ಹೊಳೆಯಲಿಲ್ಲ? ಸಾಹೇಬರಿಗೂ ಹೊಳೆದಿರಲಿಲ್ಲ, ಅವರ ಮನೆಯ ಗೋಡೆಯ ಮೇಲೂ ಫೆಲ್ಟು ಇತ್ತೆಂದು ಅವರೇ ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಜೀವಮಾನವಿಡೀ ಫೆಲ್ಟು ನೀರು ಹೀರುವುದನ್ನು ನೋಡಿ ಮನೆಗೆ ಬಂದು, ಅದೇ ಫೆಲ್ಟು ನೀರನ್ನು ತಡೆಯುತ್ತದೆಂದು ನಂಬಿದವರು ಅವರು. ಬೂಷ್ಟಿನ ದಿಮ್ಮಿಗೆ ಷರಾ ಬರೆದು ಬಂದು ಬೂಷ್ಟಿಗೆ ಒರಗಿ ಮಲಗಿದವನು ನಾನು. ವಿದ್ಯೆಯನ್ನು ಚಪ್ಪಲಿಯ ಜೊತೆಗೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುವುದರಲ್ಲಿ ನಾವಿಬ್ಬರೂ ಸಮಾನರೆಂದು ತಿಳಿದು ಇಬ್ಬರೂ ಟವೆಲಿನೊಳಗೇ ನಕ್ಕೆವು.

ಆದರೆ ಫಿಟ್ಟರನ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ನೆಲದಿಂದ ಏರಿದ ಹಸಿಯಾದರೆ ಗೋಡೆ ಕೆಳಗೆ ಹೆಚ್ಚು ತೊಯ್ದಿರಬೇಕು. ನಮ್ಮದು ಮೇಲ್ಛಾವಣಿಯ ಹತ್ತಿರ ಹೆಚ್ಚು ತೊಯ್ದಿದೆ, ನೀರು ಮೇಲಿನಿಂದ ಬರುತ್ತಿದೆ ಎಂದರು. ಮಳೆಯಿರಬೇಕೆಂದೆ. ಮಳೆ ನಾಲ್ಕು ದಿನದಿಂದ ಬಿಡುವು ಕೊಟ್ಟಿದೆಯಲ್ಲ ಎಂದು ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ತಾರಸಿಯೆಲ್ಲ ಒಣಗಿ ಬೆಳ್ಳಗಾಗಿತ್ತು. ಟಾಕಿಯ ಬುಡದಿಂದ ನಮ್ಮ ಮಲಗುವ ಕೋಣೆಯ ಗೋಡೆಯವರೆಗೆ ಮಾತ್ರ ಒಂದು ಮೊಳ ಅಗಲದ ಒದ್ದೆ ಪಟ್ಟಿ. ಟಾಕಿಗೆ ಬಿರುಕಿಲ್ಲ, ನಳ ಸೋರುತ್ತಿಲ್ಲ. ಸಾಹೇಬರು ಕೊನೆಗೆ ನಾನು ಕಟ್ಟಿದ ಹಗ್ಗವನ್ನು ಬಿಚ್ಚಿದರು. ಫೆಲ್ಟಿನ ನಡುಭಾಗ ಜೋತು ಟಾಕಿಯ ನೀರಿನಲ್ಲಿ ಮುಳುಗಿತ್ತು. ಅದರ ಸೆರಗು ಹೊರಗೆ ತಾರಸಿಯ ಮೇಲೆ ಇಳಿಬಿದ್ದಿತ್ತು. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಅದು ಎರಡು ವರ್ಷ, ಹಗಲೂ ಇರುಳೂ, ಮಳೆಗಾಲ ಬೇಸಿಗೆಯೆನ್ನದೆ ಟಾಕಿಯ ನೀರನ್ನು ಏರಿಸಿ, ದಾಟಿಸಿ, ನಮ್ಮ ಗೋಡೆಗೆ ಕುಡಿಸುತ್ತಿತ್ತು. ಅದರ ಬೆನ್ನಿನ ಮೇಲೆ ಹಕ್ಕಿಯ ಹಿಕ್ಕೆ, ಕೊಳೆತ ಎಲೆ, ಲೋಳೆ. ಅದೆಲ್ಲ ತೊಳೆದು ಟಾಕಿಗೆ ಇಳಿದು, ನಾವು ಬಾಯಿ ಮುಕ್ಕಳಿಸುವ, ಅವಸರದಲ್ಲಿ ಕಾಯಿಸದೆ ಕುಡಿಯುವ ನೀರಾಗುತ್ತಿತ್ತು. ಗಿರಿಜೆಯ ಹೊಟ್ಟೆ ಕೆಟ್ಟಾಗಲೆಲ್ಲ ನಾನು ಬಯ್ದದ್ದು ಪಶ್ಚಿಮಘಟ್ಟದ ಒಂದು ಮಹಾನದಿಯನ್ನು.

ಮಿತ್ರರೇ, ನನ್ನ ಜೀವನದಲ್ಲಿ ಯುದ್ಧವೆಂದು ಕರೆಯಬಹುದಾದದ್ದು ನಡೆದದ್ದು ಆ ಮುಂದಿನ ಮೂರು ವಾರ ಮಾತ್ರ. ಸೇನಾಧಿಪತಿ ಇಬ್ರಾಹಿಂ ಸಾಹೇಬರು, ಪದಾತಿ ನಾನು. ಟಾಕಿಯನ್ನು ಬರಿದು ಮಾಡಿ, ತಿಕ್ಕಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು, ಮತ್ತೆರಡು ಸಲ ಒಳ್ಳೆಯ ನೀರಿನಲ್ಲಿ ತೊಳೆದೆವು. ನಾನು ಸ್ವತಃ ಅಂಗಡಿಗೆ ಹೋಗಿ ಮುಚ್ಚಳ ತಂದೆ. ಮಂಗಗಳ ಅಪ್ಪನೂ ಬಿಚ್ಚಲಾರದಂತೆ ಸಾಹೇಬರು ಅದಕ್ಕೆ ತಂತಿ ಬಿಗಿದರು. ಗೋಡೆಯನ್ನು ಒಣಗಿದ ಪೊರಕೆಯಿಂದ ಕೊಡವಲು ಹೊರಟ ನನ್ನನ್ನು ಡಾಕ್ಟರಮ್ಮ ಫೋನಿನಲ್ಲೇ ತಡೆದರು: ಕೊಡವಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ, ಸೋಪಿನ ನೀರು ಹಚ್ಚಿ ಒದ್ದೆ ಮಾಡಿಯೇ ಕೆರೆಯಿರಿ, ಕಿಟಕಿ ತೆರೆದಿಡಿ, ಒಣಗುವ ಮೊದಲು ಬಣ್ಣ ಬಳಿಯಬೇಡಿ. ಅಂದು ನಾನು ಅವರ ಮೇಲೆ ಸಿಟ್ಟಾದದ್ದಕ್ಕೆ ಕ್ಷಮೆ ಕೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ಹಾಳು ಗಾರೆಯನ್ನು ಕೆರೆದು ಇಟ್ಟಿಗೆ ಕಾಣುವವರೆಗೆ ಗೋಡೆಯನ್ನು ಬರಿಮೈ ಮಾಡಿ, ಎದುರಿಗೆ ಟೇಬಲ್ ಫ್ಯಾನು ಇಟ್ಟೆವು. ಮನುಷ್ಯನಿಗಿಲ್ಲದ ಉಪಚಾರ ಆ ಗೋಡೆಗೆ. ದಿನಕ್ಕೆ ನಾಲ್ಕು ಸಲ ಅಂಗೈ ಇಟ್ಟು, ಜ್ವರ ನೋಡುವ ತಾಯಿಯ ಹಾಗೆ ನಾನು ಅದರ ಹಸಿ ನೋಡುತ್ತಿದ್ದೆ. ಹೊರಗೆ ಮಳೆ ಮತ್ತೆ ಹಿಡಿದು ಸುರಿಯುತ್ತಿತ್ತು. ಆದರೂ ಮೇಲಿನ ಪಟ್ಟಿ ಮೊದಲು ಬಿಳಿಚಿತು, ಆಮೇಲೆ ನಡು, ಒಂದು ಬೆಳಿಗ್ಗೆ ಬುಡ. ನಾನು ಕಿಟಕಿಯಿಂದ ಕೂಗಿ ಸಾಹೇಬರನ್ನು ಕರೆದೆ. ಅವರು ಬಂದು ಅಂಗೈ ಇಟ್ಟು, ಆಯಿತು, ಗಿರಿಜಾಬಾಯಿಯವರನ್ನು ಕರೆಸಿರಿ ಎಂದರು. ಗಲ್ಲಿಯಲ್ಲಿ ಆ ಹೊತ್ತಿಗಾಗಲೇ ಏಳು ಮನೆಗಳ ಗೋಡೆಯಿಂದ ಫೆಲ್ಟು ಇಳಿದಿತ್ತು. ನಾನು ಮನೆಮನೆಗೆ ಹೋಗಿ ಕಪಾಟಿನ ಹಿಂದೆ ಇಣುಕಿ ಷರಾ ಬರೆಯತೊಡಗಿದ್ದೆ, ಕೆಲವರು ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳತೊಡಗಿದ್ದರು.

ಗಿರಿಜೆ ಬಂದಳು. ಬರುವ ಮೊದಲು ಅವಳ ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಸಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ, ಡಿಪೋದ ನಿಯಮದಂತೆ, ಗಾಳಿಯಾಡಲು ಬಿಟ್ಟು ನಿಲ್ಲಿಸಿದ್ದೆ. ಮೊದಲ ದಿನ ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಎರಡನೆಯ ದಿನ, ಹಿಂದೆಲ್ಲ ಕೆಮ್ಮು ಶುರುವಾಗುತ್ತಿದ್ದ ದಿನ, ಅವಳು ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದಾಗ ಒಂದು ಸಲ ಕೆಮ್ಮಿದಳು, ನಾನು ಓಡಿಹೋದೆ. ಮೆಣಸಿನಕಾಯಿ ಹುರಿದರೆ ಇಡೀ ಕರ್ನಾಟಕ ಕೆಮ್ಮುತ್ತದೆ, ಹೋಗಿ ಸುಮ್ಮನೆ ಕೂತುಕೊಳ್ಳಿ ಎಂದಳು. ವಾರವಾಯಿತು, ಎರಡು ವಾರವಾಯಿತು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಇನ್ನೊಮ್ಮೆ ಕೇಳಿ, ಔಷಧವನ್ನು ತಾವಾಗಿಯೇ ಅರ್ಧಕ್ಕಿಳಿಸಿದರು.

ಶ್ರಾವಣದ ಜಡಿಮಳೆಯಲ್ಲಿ, ಪಂಚಮಿಗೆ ಇನ್ನು ಮೂರು ದಿನವಿರುವಾಗ, ಶಿವಾನಂದ ಜೀಪು ತಂದ. ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಇವನು ಎರಡು ಖಾಲಿ ಟ್ರಂಕುಗಳನ್ನೂ ತಂದಿದ್ದ. ಅವಳು ಈಗ ಆರಾಮವಾಗಿದ್ದಾಳೆಂದು ನಾನು ಫೋನಿನಲ್ಲಿ ಹೇಳಿದ್ದನ್ನು ಅವನು ನಂಬಿರಲಿಲ್ಲ. ಗೋಡೆ ಮುಟ್ಟಿ ನೋಡಿದ, ಕಪಾಟಿನೊಳಗೆ ತಲೆ ಹಾಕಿ ಮೂಸಿದ, ಆದರೂ ಮುಖ ಬಿಗಿದೇ ಇತ್ತು. ಚಹಾ ಕುಡಿದು, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದ:

“ಸಿಟ್ಟಾಗಬ್ಯಾಡ್ರಿ ಮಾಮಾರ. ಇವತ್ತ ಆರಾಮ ಅದಾಳ ಖರೆ. ನಾಳೆ ಮತ್ತ ಉಸಿರು ಸಿಗಲಿಲ್ಲಂದ್ರ ಏನ ಮಾಡ್ತೀರಿ? ನನಗ ಇರಾಕಿ ಒಬ್ಬಾಕಿನ ಅಕ್ಕ.”

ಅವನ ಪ್ರಶ್ನೆ ನ್ಯಾಯವಾದದ್ದು. ಇಪ್ಪತ್ತು ವರ್ಷ ಬೂಷ್ಟಿಗೆ ಒರಗಿ ಮಲಗಿದವನ ಮಾತಿಗೆ ಯಾವ ತಮ್ಮ ತನ್ನ ಅಕ್ಕನನ್ನು ಒಪ್ಪಿಸುತ್ತಾನೆ? ಗಿರಿಜೆ ಚಹಾದ ಕಪ್ಪು-ಬಸಿ ಎತ್ತಿಟ್ಟು, ಟಾಕಿ ನೋಡುವಿಯಂತೆ ಬಾ ಎಂದು ತಮ್ಮನನ್ನು ಕರೆದು, ಕೊಡೆ ಬಿಚ್ಚಿ, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಹೊರಗಿನ ಮೆಟ್ಟಿಲು ಹತ್ತತೊಡಗಿದಳು. ಕಡಿದಾದ ಮೆಟ್ಟಿಲುಗಳು, ಒಟ್ಟು ಇಪ್ಪತ್ತೆರಡು. ಶಿವಾನಂದ ಅವಳ ಹಿಂದೆ, ನಾನು ಅವನ ಹಿಂದೆ. ಹದಿಮೂರನೆಯದಕ್ಕೆ ನನ್ನ ಮೊಳಕಾಲು ನಿಂತಿತು. ಹದಿನೈದನೆಯದಕ್ಕೆ, ಗದ್ದೆಯಲ್ಲಿ ಇಡೀ ದಿನ ನಿಲ್ಲುವ ಶಿವಾನಂದನೂ ಕಟ್ಟೆ ಹಿಡಿದು ಬಾಯಿಂದ ಉಸಿರು ಬಿಟ್ಟ. ಮೇಲಿನಿಂದ ಗಿರಿಜೆಯ ದನಿ, ಮಳೆಯ ಸದ್ದನ್ನು ದಾಟಿ, ಎಲ್ಲಿಯೂ ತುಂಡಾಗದೆ ಬಂತು:

“ಲಗೂ ಬರ್ರಿ ಇಬ್ಬರೂ. ನಿಮ್ಮ ಸಲುವಾಗಿ ಎಷ್ಟೊತ್ತ ಮಳಿಯಾಗ ನಿಂದರ್ಲಿ?”

ನಾವು ಹತ್ತಿ ಮುಟ್ಟಿದೆವು. ಶಿವಾನಂದ ಟಾಕಿಯನ್ನು ನೋಡಲೇ ಇಲ್ಲ. ಕೊಡೆಯ ಕೆಳಗೆ ನೆಟ್ಟಗೆ ನಿಂತು ನಗುತ್ತಿದ್ದ ಅಕ್ಕನನ್ನು ಸ್ವಲ್ಪ ಹೊತ್ತು ನೋಡಿದ, ಕಣ್ಣೊರೆಸಿಕೊಂಡ, ಜೇಬಿನಿಂದ ಫೋನು ತೆಗೆದು ಮಳಗಿಗೆ ಹಚ್ಚಿ, ಅಕ್ಕ ಬರುವುದಿಲ್ಲ, ಹಬ್ಬದ ಉಂಡಿ ಕಟ್ಟಿಕೊಂಡು ಪಂಚಮಿಗೆ ನೀವೆಲ್ಲ ದಾಂಡೇಲಿಗೇ ಬನ್ನಿ ಎಂದು ತನ್ನ ಹೆಂಡತಿಗೆ ಹೇಳಿದ.